ಗಂಡ ಮುಟ್ಟಿದರೆ ಮೈ ಕಲ್ಲಾಗುತ್ತದೆ ಎಂದು ಬರೆದವರಿಗೆ: ಓದುಗರ ಸ್ಪಂದನ

(ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಓದುಗರೊಬ್ಬರು, ಗಂಡ ಮುಟ್ಟಿದರೆ ಮೈ ಕಲ್ಲಾಗುತ್ತದೆ, ಹಳೆಯದನ್ನು ಅವರಿಗೆ ಹೇಳಬೇಕಾ ಬೇಡವಾ ಎಂದು ಕೇಳಿ ಪತ್ರ ಬರೆದಿದ್ದರು.)

‘ಅವರು ಒಳ್ಳೆಯವರು, ಆದರೂ ನನಗೇಕೆ ಹೀಗೆ’ ಎಂದು ಬರೆದಿದ್ದೀರಲ್ಲ, ಆ ಸಾಲಿನಲ್ಲೇ ನಿಂತುಬಿಟ್ಟೆ. ಮದುವೆಯಾಗಿ ಆರು ವರ್ಷ ನನ್ನನ್ನು ತಿಂದ ಪ್ರಶ್ನೆ ಅದು. ನನಗೂ ಚಿಕ್ಕವಳಿದ್ದಾಗ ಮನೆಯವರೊಬ್ಬರಿಂದಲೇ ಆಗಿದ್ದು. ಗಂಡ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರೆ ಸಾಕು, ಉಸಿರು ಕಟ್ಟಿ ಮೈ ಸೆಟೆದುಕೊಳ್ಳುತ್ತಿತ್ತು, ಇವರಿಗೋ ‘ನಾನೆಂದರೆ ಇವಳಿಗೆ ಇಷ್ಟವಿಲ್ಲ’ ಎಂಬ ಕೊರಗು. ಓಡಲೂ ಆಗದ, ಎದುರಿಸಲೂ ಆಗದ ವಯಸ್ಸಿನಲ್ಲಿ ಅಲುಗಾಡದೆ ಇದ್ದುಬಿಡುವುದನ್ನು ಮೈ ತಾನೇ ಕಲಿತಿರುತ್ತದೆ. ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ.

ಹೇಳಬೇಕಾ ಬೇಡವಾ ಎಂದು ಕೇಳಿದ್ದೀರಿ. ನಾನು ಹೇಳಿದ್ದು ಇಷ್ಟೇ: ‘ಚಿಕ್ಕಂದಿನಲ್ಲಿ ನನಗೆ ಕೆಟ್ಟದ್ದೊಂದು ಆಗಿದೆ, ವಿವರ ಈಗ ಕೇಳಬೇಡಿ, ಮುಟ್ಟುವ ಮೊದಲು ಎದುರಿಗೆ ಬನ್ನಿ.’ ಹೇಳಿದ್ದು ಹಗಲಲ್ಲಿ, ನಡೆದು ಹೋಗುತ್ತಾ. ಮುಖ ನೋಡುವ ಕಷ್ಟ ಇರಲಿಲ್ಲ. ಉಳಿದದ್ದು ಹೇಳಲು ನಾಲ್ಕು ವರ್ಷ ಹಿಡಿಯಿತು. ಯಾರು ಅಂತ ಇವತ್ತಿಗೂ ಹೇಳಿಲ್ಲ.
– ಹೆಸರು ಬೇಡ

ನಾನು ಆ ಕಡೆಯವನು, ಅಂದರೆ ಚಿಕ್ಕಂದಿನಲ್ಲಿ ಇಂಥದ್ದೇ ಅನುಭವಿಸಿದವಳೊಬ್ಬಳ ಗಂಡ. ವಿಷಯ ಗೊತ್ತಾದ ಮೇಲೆ ದಿನಾ ‘ಈಗ ಪರವಾಗಿಲ್ವಾ’ ಎಂದು ಕೇಳಿ ಕೇಳಿ ಅವಳನ್ನು ಸುಸ್ತು ಮಾಡಿದ್ದೆ. ‘ನನ್ನನ್ನು ರೋಗಿ ಥರ ನೋಡಬೇಡಿ’ ಎಂದಳು. ಅವಳು ‘ಇವತ್ತು ಬೇಡ’ ಅಂದಾಗ ಮುಖ ಊದಿಸಿಕೊಳ್ಳದೆ ಇರುವುದು, ಸುಮ್ನೆ ಪಕ್ಕದಲ್ಲಿ ಕೂತು ಬೇರೇನೋ ಮಾತಾಡುವುದು, ಇದನ್ನು ಕಲಿಯಲು ನನಗೇ ಜಾಸ್ತಿ ಸಮಯ ಬೇಕಾಯಿತು. ಬೇಕಿದ್ದರೆ ನಿಮ್ಮವರಿಗೂ ಓದಲು ಕೊಡಿ.
– ಒಬ್ಬ ಓದುಗ

ಹಳೆಯದನ್ನು ಮರೆತುಬಿಡಿ ಎನ್ನುವವರ ಮಾತು ಕೇಳಬೇಡಿ, ಮರೆಯಲು ಆಗಿದ್ದರೆ ನೀವು ಪತ್ರವನ್ನೇ ಬರೆಯುತ್ತಿರಲಿಲ್ಲ, ಅಲ್ವಾ? ಹಾಗಂತ ಬಾಳು ಕೆಟ್ಟಿತು ಎಂದೂ ಅಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರ ತಂಡ ದಶಕಗಳ ಕಾಲ ಗಮನಿಸಿತು. ಬಡತನ, ಮನೆಯ ಕಲಹದ ನಡುವೆ ಬೆಳೆದು ಹದಿಹರೆಯದಲ್ಲಿ ಎಡವಿದವರಲ್ಲೂ ಬಹಳ ಮಂದಿ ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡಿದ್ದರು, ಒತ್ತಾಸೆಯಾಗಿ ನಿಂತ ಸಂಗಾತಿ ಅದಕ್ಕೊಂದು ಕಾರಣ. ಆದರೆ ಸಂಗಾತಿಯೇ ವೈದ್ಯರಾಗಬಾರದು. ಕೆಟ್ಟ ಕನಸು, ಹಳೆಯದು ಕಣ್ಣಮುಂದೆ ಮತ್ತೆ ನಡೆದಂತಾಗುವುದು ಇದ್ದರೆ ಮಾನಸಿಕ ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆಯನ್ನು ಮಾತುಕತೆಯ ಮೂಲಕ ಬದಲಿಸಿಕೊಳ್ಳುವುದು) ಅಥವಾ ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಹಳೆಯ ನೆನಪಿನ ತೀವ್ರತೆ ತಗ್ಗಿಸುವುದು) ಚಿಕಿತ್ಸೆ ಗೊತ್ತಿರುವವರನ್ನು ಕಾಣಿ, 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇವೆರಡನ್ನು ಸೂಚಿಸಿದೆ. ಮೊದಲ ಭೇಟಿಯಲ್ಲೇ ಎಲ್ಲ ಬಿಚ್ಚಿ ಹೇಳಿ ಎಂದು ಒತ್ತಾಯಿಸಿದರೆ ಎದ್ದು ಬನ್ನಿ, ಬೇರೆಯವರನ್ನು ನೋಡಿ.
– ಒಬ್ಬ ಆಪ್ತಸಮಾಲೋಚಕಿ