ನಲ್ಲಿ ನೀರು ತಿಳಿಯಾಗಿದೆ, ಆದರೂ ಕಾಲರಾ ಬಂತು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೀದಿಯಲ್ಲಿ ಮೂರು ಮನೆಯವರಿಗೆ ವಾಂತಿ-ಭೇದಿ. ಒಬ್ಬರಿಗೆ ಕಾಲರಾ ಅಂತ ಲ್ಯಾಬ್ ವರದಿ ಬಂದಿದೆ. ನಮಗೆ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ನೋಡಲು ತಿಳಿಯಾಗಿಯೇ ಇದೆ. ಇದು ಗಾಳಿಯಲ್ಲಿ ಹರಡುತ್ತದಾ?

ಉತ್ತರ: ಇಲ್ಲ. ರೋಗಾಣು ನೀರು, ಊಟದ ಜೊತೆ ಬಾಯಿಂದಲೇ ಒಳಗೆ ಹೋಗಬೇಕು. ನೀವು ಹೇಳಿದ ‘ಮೂರು ದಿನಕ್ಕೊಮ್ಮೆ’ ಇದೆಯಲ್ಲ, ನನಗೆ ಚಿಂತೆ ಅದೇ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ನಿಲ್ಲಿಸಿದ ಮೇಲೆ ಇರುವುದಿಲ್ಲ, ಆಗ ಪಕ್ಕದ ಚರಂಡಿ ನೀರು ಸಣ್ಣ ಬಿರುಕು ಸಿಕ್ಕರೂ ಸಾಕು, ಒಳಗೆ ಇಳಿಯುತ್ತದೆ. ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ, ಆದರೂ 10 ದಿನದವರೆಗೆ ಅವರ ಮಲದಲ್ಲಿ ರೋಗಾಣು ಹೋಗುತ್ತಿರಬಹುದು. ಹಾಗಾಗಿ ಬೀದಿಯಲ್ಲಿ ಯಾರೂ ಕಾಯಿಲೆ ಬಿದ್ದಿಲ್ಲ ಅಂದರೂ ಚರಂಡಿಯನ್ನು ನಂಬುವ ಹಾಗಿಲ್ಲ. ತಿಳಿ ನೀರನ್ನೂ ಅಷ್ಟೇ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರು ರುಚಿ ಅಂತಲೇ ಜನ ಕುಡಿಯುತ್ತಿದ್ದರು. ಜಾನ್ ಸ್ನೋ ಎಂಬ ವೈದ್ಯರು ಕಾಲರಾದಿಂದ ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ, ಕೊನೆಗೆ ಆ ಪಂಪಿನ ಹಿಡಿಯನ್ನೇ ತೆಗೆಸಿದರು.

ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಡಿ. ಲೋಟ, ಕೈ ಅದ್ದಬೇಡಿ, ಉದ್ದ ಹಿಡಿಯ ಸೌಟು ಇಡಿ. ನೀರು ಬಿಡುವವರನ್ನು ಕರೆಸಿ ಕೊನೆಯ ಮನೆಯ ನಲ್ಲಿಯಲ್ಲೇ ಕ್ಲೋರಿನ್ ಪರೀಕ್ಷೆ ಮಾಡಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಅಲ್ಲಿ ಸಿಗಬೇಕು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಅಂದರೆ ಸಾಲದು. ಪೈಪ್ ಒಡೆದ ಜಾಗ ಹುಡುಕಿ ಮುಚ್ಚುವವರೆಗೂ ಬಿಡಬೇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮತ್ತೆಗೆ ಬೆಳಿಗ್ಗೆಯಿಂದ ಅಕ್ಕಿ ತೊಳೆದ ನೀರಿನಂತೆ ಭೇದಿ. ನಿಲ್ಲಲಿ ಅಂತ ನೀರು ಕೊಡುತ್ತಿಲ್ಲ, ಸರಿ ಅಲ್ವಾ?

ಉತ್ತರ: ದಯವಿಟ್ಟು ಈಗಲೇ ಕುಡಿಸಿ! ಕಾಲರಾದಲ್ಲಿ ಜೀವ ಹೋಗುವುದು ಮೈಯ ನೀರು, ಉಪ್ಪು ಬರಿದಾಗಿ, ಅದೂ ಕೆಲವೇ ಗಂಟೆಗಳಲ್ಲಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥದ್ದೇ ಉಪ್ಪು-ಸಕ್ಕರೆ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಆದರೆ ಮನೆಯಲ್ಲೇ ಉಳಿಯಬೇಡಿ, ಡ್ರಿಪ್ ಬೇಕಾಗಬಹುದು. ಗಾಡಿ ಹತ್ತಿಸಿ, ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಾ ಹೋಗಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ.