ಅಪ್‌ಡೇಟ್: 12ನೇ ಫ್ರೆಟ್‌ನ ಸ್ವರ ಈಗ ಸರಿಹೋಯಿತು

ಕೈಯಿಂದ ಮಾಡಿದ ನನ್ನ ಮೊದಲ ಅಕೂಸ್ಟಿಕ್ ಗಿಟಾರ್ ಬಗ್ಗೆ ಕೇಳಿದ್ದೆ. ಖಾಲಿ ತಂತಿ ಶ್ರುತಿಯಲ್ಲಿದೆ, 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬಳಿ ಒತ್ತಿದರೆ ಸ್ವರ ಏರುತ್ತದೆ, ಫ್ರೆಟ್‌ಗಳನ್ನೆಲ್ಲ ಕಿತ್ತು ಮತ್ತೆ ಹಾಕಬೇಕಾ ಅಂತ. "ಫ್ರೆಟ್ ಮುಟ್ಟಬೇಡಿ, ಮೊದಲು ಸ್ಯಾಡಲ್ ಎಲ್ಲಿದೆ ಅಳೆಯಿರಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಸ್ಯಾಡಲ್ ಅಂದರೆ ಗಿಟಾರ್‌ನ ಒಡಲಿನ ಕಡೆ ತಂತಿಗಳು ಕೂರುವ ಪಟ್ಟಿ; ತಪ್ಪು ಅಲ್ಲೇ ಇತ್ತು.

ನಟ್‌ನಿಂದ (ತಲೆಯ ಬಳಿ ತಂತಿಗಳು ಹಾಯುವ ಪಟ್ಟಿ) 12ನೇ ಫ್ರೆಟ್‌ಗೆ 325 ಮಿ.ಮೀ. ಅಲ್ಲಿಂದ ಸ್ಯಾಡಲ್‌ಗೂ ನಾನು ಸರಿಯಾಗಿ 325 ಇಟ್ಟಿದ್ದೆ. ಆದರೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗುತ್ತದೆ, ಬಿಗಿ ಜಾಸ್ತಿಯಾಗಿ ಸ್ವರ ಮೇಲೇರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದಕ್ಕೆ ಇರಬೇಕು, ದಪ್ಪ ತಂತಿಯ ಕಡೆ ಇನ್ನೂ ಹಿಂದಕ್ಕೆ. ಅಂಗಡಿಯ ಗಿಟಾರ್‌ಗಳಲ್ಲಿ ಸ್ಯಾಡಲ್ ಓರೆಯಾಗಿರುವುದು ಇದಕ್ಕೇ ಅಲ್ವಾ!

ಬ್ರಿಡ್ಜ್ (ಸ್ಯಾಡಲ್ ಕೂರುವ ಮರದ ತುಂಡು) ಕೀಳಲಿಲ್ಲ. ಕಿತ್ತು ಸರಿಸಿದರೆ ತಂತಿ ಹಿಡಿಯುವ ಪಿನ್ನಿನ ತೂತುಗಳು ಮೇಲಿನ ಹಲಗೆಯ ತೂತುಗಳಿಗೆ ಕೂರುವುದಿಲ್ಲ. ಸ್ಯಾಡಲ್ ಕೂರುವ ಹಳೆಯ ತೋಡಿಗೆ ಬೀಟೆ ಮರದ ಚಿಕ್ಕ ಪಟ್ಟಿ ಅಂಟಿಸಿ ಮುಚ್ಚಿದೆ. ಒಂದು ದಿನ ಒಣಗಲು ಬಿಟ್ಟೆ. ಆಮೇಲೆ ಹೊಸ ತೋಡು ಓರೆಯಾಗಿ ಕೊರೆದೆ: ತೆಳು ತಂತಿಯ ಬಳಿ 2 ಮಿ.ಮೀ., ದಪ್ಪ ತಂತಿಯ ಬಳಿ 4.5 ಮಿ.ಮೀ. ಹಿಂದಕ್ಕೆ. ಬ್ರಿಡ್ಜ್ ಕೂಡ ಬೀಟೆಯದೇ, ಹಾಗಾಗಿ ತೇಪೆ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ.

ಎರಡನೇ ತಂತಿ ಮಾತ್ರ ಆಗಲೂ ಹಟ ಹಿಡಿಯಿತು. ಮೂಳೆಯ ಸ್ಯಾಡಲ್‌ನ ತುದಿಯನ್ನು ಅಲ್ಲಿ ಅರದಿಂದ ಉಜ್ಜಿ, ತಂತಿ ಹಿಂಬದಿಯ ಅಂಚಿನ ಮೇಲೆ ಕೂರುವಂತೆ ಮಾಡಿದೆ. ಈಗ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟುವ ಸ್ವರ) ಮತ್ತು ಒತ್ತಿದ ಸ್ವರ ಎರಡೂ ಒಂದೇ. ನಿನ್ನೆ ರಾತ್ರಿ ಎರಡು ಗಂಟೆ ಕೆಳಗಿಡದೆ ನುಡಿಸಿದೆ.