ಹೊರದೇಶದ ಹೋಮ್ ಸೌನಾ: ಕ್ಯಾಬಿನ್ ಬೆಳಗಾವಿಯಲ್ಲೇ ಕಟ್ಟಿಸಿ, ಹೀಟರ್ ಮಾತ್ರ ತರಿಸಬಹುದೇ?

ಟಿಳಕವಾಡಿ_ಮಹಡಿ: ಸೌನಾಗೆ (ಹೀಟರ್ ಮೇಲೆ ಕಲ್ಲು ಕಾಯಿಸಿ, ನೀರು ಸುರಿದು ಬೆವರೋ ಮರದ ಬಿಸಿ ಕೋಣೆ) ಮೇಲಿನ ಮಹಡಿಯಲ್ಲಿ 1.8 x 1.6 ಮೀಟರ್ ಜಾಗ ಇದೆ, ಎತ್ತರ 2.1 ಮೀಟರ್ ಇಡಬೇಕು ಅಂತಿದ್ದೇವೆ. ಬಾಗಿಲು ಪೂರ್ತಿ ಗಾಜಿನದು. ಫಿನ್ಲೆಂಡ್, ಎಸ್ಟೋನಿಯಾ, ಚೀನಾದಿಂದ ಬರೋ ರೆಡಿಮೇಡ್ ಕ್ಯಾಬಿನ್‌ನ ದರ ಕೇಳಿದರೆ ತಲೆ ತಿರುಗುತ್ತದೆ. ಅಲ್ಲಿ ಫ್ಯಾಕ್ಟರಿಯಲ್ಲಿ ಅಂಥದ್ದೇನು ಮಾಡ್ತಾರೆ? ಸಾಗವಾನಿ ಹಾಕಿ ಇಲ್ಲೇ ಮಾಡಿಸಿದರೆ ಏನು ಕೆಡುತ್ತದೆ? ಹೀಟರ್ ಎಷ್ಟು ಕಿಲೋವ್ಯಾಟ್ ಬೇಕು?

ಉದ್ಯಮಬಾಗ_ಬಡಿಗ: ಕ್ಯಾಬಿನ್ ಇಲ್ಲೇ ಆಗ್ತದರೀ, ಆದರೆ ಸಾಗವಾನಿ ಬ್ಯಾಡ. ಸೌನಾ ಒಳಗೆ ಮೇಲಿನ ಬೆಂಚ್ ಹತ್ರ 80–90 ಡಿಗ್ರಿ ಇರ್ತದೆ. ಸಾಗವಾನಿ ಭಾರದ ಕಟ್ಟಿಗೆ, ಶಾಖ ಹಿಡಿದು ಸೀದಾ ಚರ್ಮಕ್ಕೆ ಕೊಡ್ತದೆ, ಕೂತರೆ ಚುರುಕ್ ಅಂತದೆ. ಅದಕ್ಕೇ ಅಲ್ಲಿ ಬೆಂಚಿಗೆ ಆಸ್ಪೆನ್, ಆಲ್ಡರ್, ಆಫ್ರಿಕಾದ ಅಬಾಚಿಯಂಥ ಹಗುರ, ಗಂಟಿಲ್ಲದ, ಅಂಟು ಬಿಡದ ಕಟ್ಟಿಗೆನೇ ಬಳಸೋದು. ಪೈನ್ ಹಾಕಿದರೆ ಬಿಸಿಗೆ ರಾಳ ಸೋರಿ ಬೆನ್ನಿಗೆ ಹತ್ತತದೆ. ಚೀನಾ ಕ್ಯಾಬಿನ್‌ಗಳಲ್ಲಿ ಹೆಚ್ಚಾಗಿ ಕೆನಡಾದ ಹೆಮ್ಲಾಕ್ ಇಲ್ಲಾ ರೆಡ್ ಸೀಡರ್.

ಫ್ಯಾಕ್ಟರಿಯ ನಿಜವಾದ ಕೆಲಸ ಒಣಗಿಸೋದರಲ್ಲಿದೆ. ಹಲಗೆಯನ್ನು ಒಣಗಿಸೋ ಬಿಸಿ ಕೋಣೆ, ಅಂದ್ರೆ ಕಿಲ್ನ್‌ನಲ್ಲಿ ಶೇ 8–12ರ ತೇವಕ್ಕೆ ಇಳಿಸಿ, ಆಮೇಲೆ ನಾಲ್ಕೂ ಬದಿ ಒಟ್ಟಿಗೆ ಕೊರೆಯೋ ಮೋಲ್ಡರ್‌ಗೆ ಹಾಕಿ ನಾಲಿಗೆ-ಕೊರಕಲು (ಒಂದರ ಅಂಚು ಇನ್ನೊಂದರಲ್ಲಿ ಕೂರೋ ಜೋಡಣೆ) ತೆಗೀತಾರೆ. 15 x 90 ಮಿ.ಮೀ. ಸಾಮಾನ್ಯ ಅಳತೆ. ಥರ್ಮೋವುಡ್ ಅನ್ನೋದು ಇನ್ನೊಂದು ಹೆಜ್ಜೆ ಮುಂದೆ: ಹಬೆ ತುಂಬಿದ ಕೋಣೆಯಲ್ಲಿ 190 ಅಥವಾ 212 ಡಿಗ್ರಿಗೆ ಏರಿಸಿ ಎರಡು-ಮೂರು ತಾಸು ಇಡ್ತಾರೆ. ಹಬೆ ಇರೋದರಿಂದ ಬೆಂಕಿ ಹತ್ತಂಗಿಲ್ಲ. ತಣ್ಣಗೆ ಮಾಡುವಾಗ ಮತ್ತೆ ಸ್ವಲ್ಪ ತೇವ ಕೊಡ್ತಾರೆ. ರಾಳ ಹೋಗ್ತದೆ, ಹಿಗ್ಗು-ಕುಗ್ಗು ಸುಮಾರು ಅರ್ಧಕ್ಕೆ ಇಳೀತದೆ, ಬಣ್ಣ ಕಂದಾಗ್ತದೆ. ಆದರೆ ಕಟ್ಟಿಗೆ ಪೆಡಸಾಗಿ ಬೇಗ ಒಡೀತದೆ. ಮೊದಲು ತೂತು ಕೊರೀದೆ ಸ್ಕ್ರೂ ತಿರುಗಿಸಿದ್ರೆ ಸೀಳೇ ಸೀಳ್ತದೆ.

ಬೆಳಗಾವಿ ಮಳೆಗಾಲದಲ್ಲಿ ಶೆಡ್‌ನಲ್ಲಿಟ್ಟ ಕಟ್ಟಿಗೆ ಶೇ 16ರ ಮೇಲೇ ಇರ್ತದೆ. ಅದನ್ನೇ ಹೊಡೆದು ಹೀಟರ್ ಹಚ್ಚಿದರೆ ಶೇ 6ಕ್ಕೆ ಇಳಿಯೋದರೊಳಗೆ 90 ಮಿ.ಮೀ. ಹಲಗೆ ಸುಮಾರು 2 ಮಿ.ಮೀ. ಕುಗ್ಗಿ ಸಂದು ಬಿಡ್ತದೆ. ಆದ್ದರಿಂದ ಹಲಗೆಯ ಕೆಲಸ ಫೆಬ್ರವರಿ-ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ, ಮಾಯಿಶ್ಚರ್ ಮೀಟರ್‌ನಲ್ಲಿ ಶೇ 10 ತೋರಿಸದೆ ಮೊಳೆ ಮುಟ್ಟಬೇಡಿ.

ಗೋಡೆಯ ಪದರ ಹೊರಗಿನಿಂದ ಒಳಕ್ಕೆ ಹೀಗೆ: 45–50 ಮಿ.ಮೀ. ಚೌಕಟ್ಟು, ನಡುವೆ ಅಷ್ಟೇ ದಪ್ಪದ, ಶಾಖ ತಡೆಯೋ ಕಲ್ಲುನಾರು ರಾಕ್‌ವೂಲ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ (ಹೊಳೆಯೋ ಮೈ ಒಳಗೆ), ಸಂದಿಗೆಲ್ಲ ಅಲ್ಯೂಮಿನಿಯಂ ಟೇಪ್, ನಂತರ 10–20 ಮಿ.ಮೀ. ಪಟ್ಟಿ ಹೊಡೆದು ಗಾಳಿಜಾಗ, ಕೊನೆಗೆ ಹಲಗೆ. ಇಲ್ಲಿಯ ಬಡಿಗರು ಫಾಯಿಲ್‌ಗೇ ಹಲಗೆ ಅಂಟಿಸಿ ಹೊಡೀತಾರೆ. ಹಲಗೆಯ ಹಿಂಭಾಗ ಒಣಗದೆ ಬೂಸ್ಟು ಹಿಡೀತದೆ. ಒಳಗೆ ಪ್ಲೈವುಡ್, ವಾರ್ನಿಶ್ ಎರಡೂ ಬ್ಯಾಡ. ಪ್ಲೈ ಅಂಟು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡ್ತದೆ. ಬೆಂಚಿನ ಸ್ಕ್ರೂ ಕೆಳಗಿನಿಂದ, ಸ್ಟೇನ್‌ಲೆಸ್ ಮಾತ್ರ. ಬಾಗಿಲು 8 ಮಿ.ಮೀ. ಟಫನ್ಡ್ ಗಾಜು, ಹೊರಗೆ ತೆರೀಬೇಕು, ಚಿಲಕ ಇರಬಾರದು.

ವಿಜಯಪುರ_ವೈಂಡಿಂಗ್: ಮರದ ವಿಚಾರ ಮೇಲೆ ಬಂತು. ಹೀಟರ್ ಮಾತ್ರ ಹೊರಗಿನಿಂದಲೇ ತರಿಸಿ. ಫಿನ್ಲೆಂಡ್‌ನ ಹಾರ್ವಿಯಾ, ಎಸ್ಟೋನಿಯಾದ ಹೂಮ್ ಎರಡೂ ಸೌನಾ ಹೀಟರ್‌ಗೇ ಹೆಸರಾದವು.

ಲೆಕ್ಕ: 1.8 x 1.6 x 2.1 ಅಂದ್ರೆ ಸುಮಾರು 6 ಘನಮೀಟರ್. ಘನಮೀಟರ್‌ಗೆ 1 ಕಿಲೋವ್ಯಾಟ್. ಇನ್ಸುಲೇಶನ್ ಇಲ್ಲದ ಗಾಜು, ಟೈಲ್ಸ್, ಇಟ್ಟಿಗೆ ಗೋಡೆ ಇದ್ದರೆ ಪ್ರತಿ ಚದರ ಮೀಟರ್‌ಗೆ 1.2 ಘನಮೀಟರ್ ಸೇರಿಸಬೇಕು. ನಿಮ್ಮ ಗಾಜಿನ ಬಾಗಿಲಿಗೆ ಹತ್ತಿರ ಎರಡು ಸೇರಿಸಿದರೆ 8 ಕಿಲೋವ್ಯಾಟ್. ಸಿಂಗಲ್ ಫೇಸ್‌ನಲ್ಲಿ ಇದು 35 ಆಂಪಿಯರ್ ಎಳೀತದೆ, ಆಗೋ ಮಾತಲ್ಲ. ತ್ರೀ ಫೇಸ್‌ನಲ್ಲಿ ಫೇಸ್‌ಗೆ 12ರೊಳಗೆ. ಮೊದಲು ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. ವೋಲ್ಟೇಜ್ 230ರಿಂದ 200ಕ್ಕೆ ಬಿದ್ದರೆ 8 ಕಿಲೋವ್ಯಾಟ್ ಹೀಟರ್ 6 ಕಿಲೋವ್ಯಾಟ್ ಅಷ್ಟೇ ಕೊಡ್ತದೆ. "ಹೀಟರ್ ಡಲ್ ಐತಿ" ಅನ್ನೋ ದೂರಿನ ಹಿಂದೆ ಹಲವು ಸಲ ಇದೇ ಇರ್ತದೆ.

ಎಲಿಮೆಂಟ್ (ಹೀಟರ್ ಒಳಗೆ ಕಾಯೋ ಕೊಳವೆ) ತಯಾರಿ: ಸ್ಟೇನ್‌ಲೆಸ್ ಕೊಳವೆಯೊಳಗೆ ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ) ತಂತಿಯ ಸುರುಳಿ ನಿಲ್ಲಿಸಿ, ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಅಲ್ಲಾಡಿಸುತ್ತ ತುಂಬ್ತಾರೆ. ಆಮೇಲೆ ಕೊಳವೆಯನ್ನು ರೋಲರ್‌ಗಳ ನಡುವೆ ಎಳೆದು ತೆಳ್ಳಗೆ ಮಾಡಿದಾಗ ಪುಡಿ ಕಲ್ಲಿನಂತೆ ಗಟ್ಟಿಯಾಗ್ತದೆ. ಕೊನೆಗೆ ಬಗ್ಗಿಸಿ, ತುದಿ ಸೀಲ್ ಮಾಡಿ, ಹೈ ವೋಲ್ಟೇಜ್ ಟೆಸ್ಟ್. ಈ ಪುಡಿ ತೇವ ಹೀರ್ತದೆ. ಹಡಗಿನಲ್ಲಿ ವಾರಗಟ್ಟಲೆ ಬಂದ ಹೀಟರ್‌ಗೆ ಮೊದಲ ಸಲ ಕರೆಂಟ್ ಕೊಟ್ಟಾಗ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಟ್ರಿಪ್ ಆಗೋದು ಇದಕ್ಕೇ. ಹೀಟರ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಆರ್‌ಸಿಸಿಬಿ ಕಿತ್ತೂ ಹಾಕಬೇಡಿ. ಇನ್ಸುಲೇಶನ್ ಅಳೆಯೋ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಿ. ರೀಡಿಂಗ್ ಕಡಿಮೆ ಬಂದರೆ ಎಲಿಮೆಂಟ್ ಬಿಚ್ಚಿ ಒವನ್‌ನಲ್ಲಿ 120 ಡಿಗ್ರಿಗೆ ಕೆಲವು ತಾಸು ಒಣಗಿಸಿ, ಮತ್ತೆ ಅಳೆಯಿರಿ. ಹೀಟರ್‌ಗೆ ಹೋಗೋ ಕೇಬಲ್ ರಬ್ಬರ್‌ದೇ ಇರಲಿ, ಪಿವಿಸಿ ಬಿಸಿಗೆ ಗಡಸಾಗಿ ಒಡೀತದೆ.

ಟಿಳಕವಾಡಿ_ಮಹಡಿ: ಹೀಟರ್ ಮೇಲೆ ತುಂಬೋ ಕಲ್ಲು? ಇಳಕಲ್‌ನಿಂದ ಗ್ರಾನೈಟ್ ತುಂಡು ತಂದು ತುಂಬಿದರೆ ನಡೀತದಾ?

ಬಾಗಲಕೋಟೆ_ಕ್ವಾರಿ: ಇಳಕಲ್ ಕೆಂಪು ಕಲ್ಲಿನಲ್ಲಿ ಕ್ವಾರ್ಟ್ಜ್ (ಬೆಣಚು) ಇದೆ, 573 ಡಿಗ್ರಿಗೆ ಅದು ಒಮ್ಮೆಲೇ ಹಿಗ್ಗುತ್ತದೆ. ಕೆಂಪಗೆ ಕಾದ ಎಲಿಮೆಂಟ್‌ಗೆ ತಾಗಿದ ಕಡೆ ಬಿರುಕು ಬಿಟ್ಟು ಚೂರು ಉದುರುತ್ತದೆ. ಬಾದಾಮಿಯ ಮರಳುಗಲ್ಲು, ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ಎರಡೂ ದೂರ ಇಡಿ. ವಿಜಯಪುರದ ಕಪ್ಪು ಬಸಾಲ್ಟ್‌ನಲ್ಲಿ ತೂತಿದ್ದು ಬಿಳಿ ಹರಳು ತುಂಬಿರೋದು ಬೇಡವೇ ಬೇಡ. ಯುರೋಪ್‌ನವರು ಹಾಕೋದು ಪೆರಿಡೊಟೈಟ್, ಆಲಿವಿನ್ ಡಯಾಬೇಸ್ ಅನ್ನೋ ಬಿಸಿ ತಾಳೋ ಗಟ್ಟಿ ಕಲ್ಲು. ಹೀಟರ್ ಜೊತೆಗೇ 5–10 ಸೆ.ಮೀ. ಗಾತ್ರದ 20 ಕೆ.ಜಿ. ಪೆಟ್ಟಿಗೆ ತರಿಸಿಬಿಡಿ, ಅದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ. ತೊಳೆದು ಸಡಿಲವಾಗಿ ಜೋಡಿಸಿ. ಬಿಗಿಯಾಗಿ ತುರುಕಿದರೆ ಗಾಳಿ ಆಡದೆ ಎಲಿಮೆಂಟ್ ಸುಟ್ಟುಹೋಗ್ತದೆ. ಬೋರ್‌ವೆಲ್ ನೀರು ಸುರಿದರೆ ಕಲ್ಲಿಗೂ ಎಲಿಮೆಂಟ್‌ಗೂ ಸುಣ್ಣ ಕಟ್ಟುತ್ತದೆ. ಆರ್‌ಒ ನೀರು ಇಲ್ಲಾ ಮಳೆನೀರು ಬಳಸಿ.